ಕಾರು ಕಟ್ಟೆ: ಟ್ರ್ಯಾಕಿಗೆಂದು ಹಳೆಯ ಕಾರು ಕೊಳ್ಳುವವರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆಸೆಯವು. ವರ್ಷಕ್ಕೆ ಎರಡು ಮೂರು ಬಾರಿ ರೇಸ್ ಟ್ರ್ಯಾಕಿಗೆ ಹೋಗಿ ಮನಸಾರೆ ಓಡಿಸಲು ಒಂದು ಚುರುಕಾದ ಸೆಕೆಂಡ್ ಹ್ಯಾಂಡ್ ಕಾರು ಬೇಕು. ಸ್ಪರ್ಧೆಯಲ್ಲ; ಹಣ ಕಟ್ಟಿ, ಹೆಲ್ಮೆಟ್ ಹಾಕಿ, ಸರದಿಯಲ್ಲಿ ಸುತ್ತು ಹೊಡೆಯುವ 'ಟ್ರ್ಯಾಕ್ ಡೇ'. ಶಿವಮೊಗ್ಗದವರಿಗೆ ಕೈಗೆಟಕುವ ಟ್ರ್ಯಾಕುಗಳು ಎರಡು: ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿ.ಮೀ. ಸುತ್ತು, ಚೆನ್ನೈ ಹೊರಗೆ ಇರುಂಗಾಟ್ಟುಕೋಟೈನದು, 3.7 ಕಿ.ಮೀ. ಆಯ್ದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಪ್ರ: ಕೈಯಲ್ಲಿ 8 ಲಕ್ಷ ಇದೆ. ಪೋಲೊ ಜಿಟಿ ಟಿಎಸ್‌ಐ, ಅಬಾರ್ತ್ ಪುಂಟೊ, ಫಿಯೆಸ್ಟಾ 1.6 ಎಸ್ ಮೂರನ್ನೂ ನೋಡಿ ಬಂದೆ. ಸ್ವಲ್ಪ ಸಾಲ ಮಾಡಿದರೆ ಹಳೆಯ ಮರ್ಸಿಡಿಸ್ ಎಸ್‌ಎಲ್‌ಕೆ ಕೂಡ ಸಿಗುತ್ತದಂತೆ. ಯಾವುದಕ್ಕೆ ಕೈ ಹಾಕಲಿ?
— ವಿನೋಬನಗರ, ಶಿವಮೊಗ್ಗ

ಉ: ಮೊದಲು ಆ 8 ಲಕ್ಷವನ್ನು ಒಡೆಯಿರಿ. ಕಾರಿಗೆ ಐದೂವರೆ ಮೀರಬೇಡಿ. ಒಂದು ಲಕ್ಷ ತಂದ ತಿಂಗಳಲ್ಲೇ ಖರ್ಚಾಗುತ್ತದೆ: ನಾಲ್ಕು ಟೈರು, ಬ್ರೇಕ್ ಪ್ಯಾಡ್, ಎಲ್ಲ ಆಯಿಲ್‌ಗಳು, ಬೆಲ್ಟು, ಸವೆದ ಬುಷ್‌ಗಳು. ಉಳಿದದ್ದು ಮೊದಲ ವರ್ಷದ ಟ್ರ್ಯಾಕ್ ಶುಲ್ಕ, ಪೆಟ್ರೋಲು, ಎರಡನೇ ಜೋಡಿ ಪ್ಯಾಡು, ಮತ್ತೆ ಯಾವುದಾದರೂ ಒಂದು ದೊಡ್ಡ ರಿಪೇರಿ. ಎಂಟೂ ಲಕ್ಷವನ್ನು ಕಾರಿಗೇ ಸುರಿದವರ ಗಾಡಿ ಮನೆಯಂಗಳದಲ್ಲೇ ನಿಲ್ಲುತ್ತದೆ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ.

ಎಸ್‌ಎಲ್‌ಕೆ ಆಸೆ ಬಿಡಿ. ಮಡಚುವ ಛಾವಣಿ, ಅದರ ಹೈಡ್ರಾಲಿಕ್ ಪಂಪು, ಭಾರದ ಮೈ. ಟ್ರ್ಯಾಕಿನಲ್ಲಿ ಭಾರ ಎಂದರೆ ಬ್ರೇಕಿಗೂ ಟೈರಿಗೂ ಬಿಸಿ. ಕೊಳ್ಳುವಾಗ ಅಗ್ಗವಾದ ಜರ್ಮನ್ ಕಾರಿನ ಬಿಡಿಭಾಗ ಅಗ್ಗವಾಗಿರುವುದಿಲ್ಲ. ಕಾರಿನ ಬೆಲೆ ಇಳಿದರೂ ಭಾಗದ ಬೆಲೆ ಹೊಸ ಕಾರಿನದೇ.

ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂದದ್ದು. 1.2 ಲೀಟರ್ ಟರ್ಬೊ, 105 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ), ಡಿಎಸ್‌ಜಿ ಎಂಬ ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು. ರಸ್ತೆಗೆ ಸೊಗಸು. ಆದರೆ ಅದರ ಗೇರ್‌ಬಾಕ್ಸಿನ ಎರಡು ಕ್ಲಚ್ಚುಗಳು ಆಯಿಲ್ ಇಲ್ಲದೆ ಒಣದಾಗಿ ಓಡುವಂಥವು, ಜೊತೆಗೆ ಗೇರು ಬದಲಿಸುವ ಮೆಕಾಟ್ರಾನಿಕ್ ಎಂಬ ಘಟಕ ಬಿಸಿಗೆ ನಾಜೂಕು. ಅದು ಕೆಟ್ಟರೆ ಬಿಲ್ಲು ಲಕ್ಷ ದಾಟುತ್ತದೆ. ನೋಡುವಾಗ ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ತಾನಾಗಿ ತೆವಳಲು ಬಿಡಿ, ರಿವರ್ಸಿನಲ್ಲೂ ಹಾಗೇ. ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ ಕ್ಲಚ್ ಸವೆದಿದೆ. ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರ ಮಿನುಗಿದರೆ ಅಲ್ಲಿಂದ ನಮಸ್ಕಾರ ಹೇಳಿ ಬನ್ನಿ. ಮೊದಲ ವರ್ಷಗಳ ಈ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಹಿಗ್ಗುವುದೂ ಉಂಟು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿಸಿ. ಮೊದಲ ಎರಡು ಮೂರು ಸೆಕೆಂಡು ಚೈನಿನ ಕಡೆಯಿಂದ ಗರಗರ ಸದ್ದು ಬಂದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಅಬಾರ್ತ್ ಪುಂಟೊ ಫಿಯೆಟ್ ಕಂಪನಿಯ ಕಾರು, 2015ರದು. 1.4 ಲೀಟರಿನ ಟಿ-ಜೆಟ್ ಟರ್ಬೊ ಎಂಜಿನ್, 145 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್, ಕೈಗೇರು. ಮೂರರಲ್ಲಿ ಓಟಕ್ಕೆ ಇದೇ ಗಟ್ಟಿಗ. ತೊಂದರೆ ಇರುವುದು ಬಿಡಿಭಾಗದಲ್ಲಿ: ಫಿಯೆಟ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸಿ ವರ್ಷಗಳಾದವು. ಎಂಜಿನ್ ಭಾಗ ಫಿಯೆಟ್ಟಿನದೇ ಇನ್ನೊಂದು ಕಾರಾದ ಲೀನಿಯಾ ಟಿ-ಜೆಟ್ಟಿನ ಹೆಸರಿನಲ್ಲಿ ಹುಡುಕಿದರೆ ಕೆಲವು ಸಿಗುತ್ತವೆ. ಬಂಪರು, ದೀಪ, ಬಾಗಿಲು ಸಿಗುವುದು ಕಷ್ಟ. ಇದರದು ಟೈಮಿಂಗ್ ಬೆಲ್ಟ್. ಐದು ವರ್ಷ ಕಳೆದಿದ್ದರೆ ಎಷ್ಟೇ ಕಡಿಮೆ ಓಡಿರಲಿ, ಬೆಲ್ಟು, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಬದಲಿಸಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆಯೇ ಎಂದು ತಣ್ಣಗಿರುವಾಗಲೇ ಕೇಳಬೇಕು. ಟಿಕ್ ಟಿಕ್ ಎನ್ನುತ್ತದೆ, ಬಿಸಿಯಾದಂತೆ ಸದ್ದು ಅಡಗುತ್ತದೆ.

ಫಿಯೆಸ್ಟಾ 1.6 ಎಸ್ ಹಳೆಯ ಕಾಲದ ಸರಳ ಕಾರು. ಟರ್ಬೊ ಇಲ್ಲ, ಹೈಡ್ರಾಲಿಕ್ ಸ್ಟೀರಿಂಗು, ಮುಂದಿನ ಚಕ್ರ ಏನು ಮಾಡುತ್ತಿದೆ ಎಂಬುದು ಅಂಗೈಗೆ ತಿಳಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಆದರೆ 2008-09ರ ಗಾಡಿಯಾದರೆ ಆರ್‌ಸಿಯ 15 ವರ್ಷ ಮುಗಿದಿರುತ್ತದೆ. ಎಫ್‌ಸಿ ಮಾಡಿಸಿ 5 ವರ್ಷಕ್ಕೆ ನವೀಕರಿಸಿದ ಮೇಲೆಯೇ ಹಣ ಕೊಡಿ.

ನೀವು ಕೇಳದ ಎರಡು ಕಾರು ಹೇಳಬೇಕು. ಒಂದು, 2020ರಿಂದ 2022ರವರೆಗೆ ಬಂದ ಪೋಲೊ 1.0 ಟಿಎಸ್‌ಐ, ಆರು ಗೇರಿನ ಮ್ಯಾನ್ಯುಯಲ್. 110 ಪಿಎಸ್, ಡಿಎಸ್‌ಜಿ ತಲೆನೋವಿಲ್ಲ. ಐದೂವರೆಯ ಗೆರೆಯೊಳಗೆ ಸಿಕ್ಕರೆ ಬಿಡಬೇಡಿ, ದಾಟಿದರೆ ಬಿಡಿ. ಇನ್ನೊಂದು, 2018ರ ನಂತರದ ಪೆಟ್ರೋಲ್ ಸ್ವಿಫ್ಟ್. 'ಸ್ಪೋರ್ಟ್ಸ್ ಕಾರ್ ಎಂದರೆ ಸ್ವಿಫ್ಟ್ ಹೇಳುತ್ತಾರಲ್ಲ' ಎಂದು ನಗಬೇಡಿ. ತೂಕ ಸುಮಾರು 870 ಕೆ.ಜಿ., ಪ್ಯಾಡಿನಿಂದ ವೀಲ್ ಬೇರಿಂಗಿನವರೆಗೆ ಎಲ್ಲ ಭಾಗ ಶಿವಮೊಗ್ಗದಲ್ಲೇ ಅದೇ ದಿನ ಸಿಗುತ್ತದೆ. ಮೊದಲ ಎರಡು ವರ್ಷಕ್ಕೆ ನಮ್ಮ ಮತ ಅದಕ್ಕೇ. ಅದರಲ್ಲಿ ಕೈ ಪಳಗಿದ ಮೇಲೆ ಅಬಾರ್ತ್ ಹುಡುಕಿ.

ಪ್ರ: ನಮ್ಮೂರಿನವರದೇ ಒಂದು 2014ರ ಕಾರು ಮಾರಾಟಕ್ಕಿದೆ. ಒಬ್ಬರೇ ಓನರ್, 38,000 ಕಿ.ಮೀ. ಓಡಿದೆ, ಮೂರು ಮಳೆಗಾಲ ಹೆಚ್ಚುಕಡಿಮೆ ಶೆಡ್ಡಿನಲ್ಲೇ ನಿಂತಿತ್ತು. ಮೇಲೆ ನೋಡಿದರೆ ಹೊಸದರಂತೆ ಹೊಳೆಯುತ್ತದೆ. ತಗೊಳ್ಳಬಹುದೇ?
— ತೀರ್ಥಹಳ್ಳಿ

ಉ: ಮಲೆನಾಡಿನಲ್ಲಿ ನಿಂತ ಕಾರು ಓಡಿದ ಕಾರಿಗಿಂತ ಹೆಚ್ಚು ಸವೆದಿರುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ; ತೀರ್ಥಹಳ್ಳಿಯ ಶೆಡ್ಡಿನೊಳಗೆ ಮಳೆ ಬೀಳದಿದ್ದರೂ ಆ ತೇವ ಬಿಡುವುದಿಲ್ಲ. ಆದ್ದರಿಂದ ಬಣ್ಣ ನೋಡುವುದನ್ನು ಬಿಟ್ಟು ಕಾರನ್ನು ಲಿಫ್ಟಿಗೆ ಹಾಕಿಸಿ. ಲಿಫ್ಟಿಗೆ ಒಪ್ಪದ ಮಾರಾಟಗಾರರ ಜೊತೆ ಮಾತು ಬೆಳೆಸಬೇಡಿ.

ಕೆಳಗೆ ಮೊದಲು ನೋಡಬೇಕಾದದ್ದು ಎರಡು: ಬಾಗಿಲ ಕೆಳಗಿನ ಅಂಚು, ಜ್ಯಾಕ್ ಕೊಡುವ ಜಾಗ. ಅಲ್ಲಿ ಎರಡು ತಗಡು ಕೂಡುವುದರಿಂದ ನೀರು ಒಳಗೇ ಉಳಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಡಬ್ ಎನ್ನುತ್ತದೆ. ಬಾಗಿಲ ತಳದ ಸಣ್ಣ ತೂತುಗಳಲ್ಲಿ ಕೆಂಪು ಮಣ್ಣು ಗಟ್ಟಿಯಾಗಿದ್ದರೆ ಬಾಗಿಲೊಳಗೆ ನೀರು ನಿಂತಿತ್ತೆಂದೇ ಅರ್ಥ. ಮುಂದಿನ ಸಬ್‌ಫ್ರೇಮು (ಸಸ್ಪೆನ್ಷನ್ ಹೊರುವ ಚೌಕಟ್ಟು), ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮ್ ಕೂರುವ ಜಾಗ, ಹಿಂದಿನ ಆ್ಯಕ್ಸಲ್ ಬೋಲ್ಟಿನ ಸುತ್ತ, ಹಿಂಚಕ್ರದ ಕಡೆಗೆ ಹೋಗುವ ಬ್ರೇಕ್ ಪೈಪು ಇವನ್ನು ಟಾರ್ಚ್ ಹಾಕಿ ನೋಡಿ. ಪೈಪಿನ ಮೇಲೆ ಉಗುರಿಗೆ ಹರಳು ಹರಳಾಗಿ ಸಿಗುವ ತುಕ್ಕು ಇದ್ದರೆ ಪೈಪು ಬದಲಿಸದೆ ಟ್ರ್ಯಾಕಿಗೆ ಒಯ್ಯಬಾರದು. ಜೋರಾಗಿ ಒತ್ತಿದಾಗ ಬ್ರೇಕ್ ಆಯಿಲಿನ ಒತ್ತಡ ರಸ್ತೆಯಲ್ಲಿ ಒತ್ತುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಪೈಪು ಒಡೆಯುವುದು ಆಗಲೇ.

ಅಡಿಭಾಗಕ್ಕೆ ಹೊಚ್ಚಹೊಸ ಕಪ್ಪು ಕೋಟಿಂಗ್ ಬಳಿದಿದ್ದರೆ ಹುಷಾರು. ಹಳೆಯ ಕೋಟಿಂಗ್ ಒಳ್ಳೆಯದು, ಮಾರುವ ವಾರದಲ್ಲಿ ಬಳಿದದ್ದು ಏನನ್ನೋ ಮುಚ್ಚಲಿಕ್ಕೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಗುಂಡಿಯ ತಳ ನೋಡಿ. ಬಾನೆಟ್ ತೆಗೆದು ಸ್ಟ್ರಟ್ (ಮುಂಚಕ್ರದ ಸಸ್ಪೆನ್ಷನ್ ಕಂಬ) ಕೂರುವ ಎರಡು ಗುಬ್ಬೆಗಳ ಸುತ್ತ ಬಿರುಕು ಅಥವಾ ಸೀಲೆಂಟ್ ಹೊಸದಾಗಿ ಬಳಿದ ಗುರುತು ಇದೆಯೇ ನೋಡಿ. ವೈಪರಿನ ಕೆಳಗಿನ ಜಾಲರಿ ಎತ್ತಿದರೆ ಅಲ್ಲೊಂದು ಹಿಡಿ ಕೊಳೆತ ಎಲೆ ಸಿಗುವುದು ನಮ್ಮ ಕಡೆ ಮಾಮೂಲು. ಅದು ನೀರಿನ ದಾರಿ ಕಟ್ಟಿದರೆ ನೀರು ಪಕ್ಕದ ಸೀಟಿನ ಕಾಲಡಿಗೆ ಇಳಿಯುತ್ತದೆ. ಕಾರ್ಪೆಟ್ ಮೇಲೆ ಒಣಗಿದ್ದರೂ ಅಡಿಯ ಸ್ಪಂಜನ್ನು ಒತ್ತಿ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ: ಕೊನೆಯ ಅಡಿಯಲ್ಲಿ ಮಣ್ಣಿನ ಗೆರೆ ಅಥವಾ ಬೂಷ್ಟಿನ ಕಲೆ ಇದ್ದರೆ ಕಾರು ನೀರು ಕಂಡಿದೆ.

ಬಣ್ಣದಡಿಯ ಪುಟ್ಟಿ ಪತ್ತೆ ಹಚ್ಚಲು ಪೇಂಟ್ ಗೇಜ್ (ಬಣ್ಣದ ದಪ್ಪ ಅಳೆಯುವ ಉಪಕರಣ) ಬೇಕು. ಕಂಪನಿ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. 200 ದಾಟಿದರೆ ಮರುಬಣ್ಣ, 500 ದಾಟಿದರೆ ಒಳಗೆ ಪುಟ್ಟಿ. ಬಾಗಿಲಿಗೆ ಮರುಬಣ್ಣ ಆದರೆ ದೊಡ್ಡ ಮಾತಲ್ಲ. ಛಾವಣಿಯಲ್ಲೋ ಕಂಬದಲ್ಲೋ ಸಿಕ್ಕರೆ ಆ ಕಾರು ಉರುಳಿದ್ದಿರಬಹುದು.

ಇನ್ನೆರಡು ಮಾತು, ತಪ್ಪಾಗಿ ಹೆದರದಿರಲು. ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲು) ಹೋಗಿದೆ ಎನ್ನುತ್ತಾರೆ. ನಮ್ಮ ಥಂಡಿಯಲ್ಲಿ ಎರಡೆರಡು ಕಿ.ಮೀ. ಓಡಿಸಿ ನಿಲ್ಲಿಸುವ ಕಾರಿಗೆಲ್ಲ ಅದು ಬರುತ್ತದೆ. ಮುಚ್ಚಳ ಒರೆಸಿ, 40 ಕಿ.ಮೀ. ಓಡಿಸಿ ಮತ್ತೆ ನೋಡಿ. ಡಿಪ್‌ಸ್ಟಿಕ್ಕಿನಲ್ಲೂ ನೊರೆ ಇದ್ದರೆ, ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಅದು ಗ್ಯಾಸ್ಕೆಟ್. ಹಾಗೆಯೇ ಡಿಸ್ಕಿನ ಮೇಲಿನ ಒಂದು ರಾತ್ರಿಯ ಕೆಂಪು ತುಕ್ಕು ಎರಡು ಬ್ರೇಕಿಗೆ ಹೋಗುತ್ತದೆ. ಉಗುರು ಸಿಕ್ಕಿಕೊಳ್ಳುವ ಗುಳಿ ಇದ್ದರೆ ಮಾತ್ರ ಡಿಸ್ಕ್ ಬದಲಿಸಿ.

ವೈರಿಂಗ್ ಮರೆಯಬೇಡಿ. ಅಡಿಕೆ ದಾಸ್ತಾನಿನ ಪಕ್ಕ ನಿಂತ ಕಾರಿನ ವೈರು ಇಲಿಗೆ ಊಟ. ಟೇಪು ಸುತ್ತಿದ ಜಾಗ ಕಂಡರೆ ಬಿಚ್ಚಿಸಿ ನೋಡಿ. ಇವೆಲ್ಲ ಸರಿಯಿದ್ದರೆ ಕಾರು ಕೊಳ್ಳಬಹುದು. ಆಷಾಢದಲ್ಲಿ ಹೋಗಿ ಮಾತಾಡಿ: ಆ ತಿಂಗಳು ಗಾಡಿ ಕೊಳ್ಳುವವರು ಕಡಿಮೆ, ಬೆಲೆ ಇಳಿಯುತ್ತದೆ, ಸೋರುವುದಿದ್ದರೆ ಕಣ್ಣೆದುರೇ ಸೋರುತ್ತದೆ.

ಪ್ರ: ಸ್ವಿಫ್ಟಿಗೆ ಹೊಸ ಪ್ಯಾಡ್ ಹಾಕಿಸಿಕೊಂಡು ಕೊಯಮತ್ತೂರಿಗೆ ಹೋಗಿದ್ದೆ. ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ನೆಲ ಮುಟ್ಟಿತು. ಪಿಟ್ಟಿಗೆ (ಟ್ರ್ಯಾಕ್ ಪಕ್ಕದ ನಿಲುಗಡೆ) ಬಂದು ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲ ಸರಿ! ಮೆಕ್ಯಾನಿಕ್ ಮಾಸ್ಟರ್ ಸಿಲಿಂಡರ್ ಬದಲಿಸಬೇಕು ಎನ್ನುತ್ತಾರೆ.
— ಸಾಗರ

ಉ: ಇರುವ ಲಕ್ಷಣಕ್ಕೆ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಬ್ರೇಕ್ ಆಯಿಲಿಗೆ ದಾಟಿಸುವ ಪಂಪು) ಮೇಲೆ ಅನುಮಾನ ಬೇಡ. ಅದು ಕೆಟ್ಟಿದ್ದರೆ ತಣ್ಣಗಿರುವಾಗಲೂ, ಹಗುರಾಗಿ ಒತ್ತಿ ಹಿಡಿದರೂ ಪೆಡಲ್ ನಿಧಾನ ಕೆಳಗಿಳಿಯುತ್ತದೆ. ನಿಮ್ಮದರಲ್ಲಿ ಬ್ರೇಕ್ ಆಯಿಲ್ ಕುದಿದಿದೆ.

ಬ್ರೇಕ್ ಆಯಿಲ್ ನೀರು ಹೀರುವ ದ್ರವ. ಡಬ್ಬಿಯ ಮುಚ್ಚಳದ ಉಸಿರುಗಂಡಿಯಿಂದ, ರಬ್ಬರ್ ಹೋಸಿನ ಮೈಯಿಂದ ಗಾಳಿಯ ತೇವ ಒಳಸೇರುತ್ತಲೇ ಇರುತ್ತದೆ. 'ಡಾಟ್' ಎಂಬುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಆ ಲೆಕ್ಕ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಸಾಗರದಲ್ಲಿ ಎರಡು ಮಳೆಗಾಲ ಕಂಡ ಆಯಿಲ್ ಎರಡನೇ ಅಂಕಿಯ ಹತ್ತಿರ ಇಳಿದಿದ್ದರೆ ಆಶ್ಚರ್ಯವಿಲ್ಲ. ಪೇಟೆ ಓಡಾಟಕ್ಕೆ ಅಷ್ಟು ಬಿಸಿ ಬರುವುದೇ ಇಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಟ್ರ್ಯಾಕಿನಲ್ಲಿ ಒಂದರ ಹಿಂದೆ ಒಂದು ಬ್ರೇಕು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ನೀರಿನಂಶ ಆವಿಯಾಗುತ್ತದೆ. ಆಯಿಲನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ನೀವು ಒತ್ತಿದ್ದು ಆ ಗುಳ್ಳೆಯನ್ನು. ತಣ್ಣಗಾದಾಗ ಗುಳ್ಳೆ ಮತ್ತೆ ದ್ರವವಾಗಿ ಪೆಡಲ್ ಮೇಲೆ ಬಂತು.

ಪ್ಯಾಡ್ ಸೋತರೆ ಲಕ್ಷಣ ಬೇರೆ: ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಈ ವ್ಯತ್ಯಾಸ ನೆನಪಿದ್ದರೆ ಸುಮ್ಮನೆ ಭಾಗ ಬದಲಿಸುವ ಖರ್ಚು ಉಳಿಯುತ್ತದೆ.

ಮಾಡಬೇಕಾದದ್ದು ಇಷ್ಟು. ಸೀಲು ಒಡೆಯದ ಡಾಟ್ 4, ಒಟ್ಟು ಒಂದು ಲೀಟರ್, ಅರ್ಧರ್ಧ ಲೀಟರಿನ ಎರಡು ಬಾಟಲಿಯಾದರೆ ಒಳ್ಳೆಯದು. ಡಾಟ್ 5 ಎಂದು ಬರೆದದ್ದು ಸಿಲಿಕಾನ್, ಅದನ್ನು ಬೆರೆಸಲೇಬಾರದು. ಬ್ಲೀಡ್ ನಿಪ್ಪಲ್‌ಗಳಿಗೆ (ಪ್ರತಿ ಚಕ್ರದ ಬ್ರೇಕಿನಲ್ಲಿ ಹಳೆಯ ಆಯಿಲ್, ಗಾಳಿ ಹೊರಬಿಡುವ ತಿರುಪು) ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ; ನಮ್ಮ ಕಡೆ ಅವು ಕಚ್ಚಿಕೊಂಡಿರುತ್ತವೆ. ಬಿಚ್ಚಲು ರಿಂಗ್ ಸ್ಪ್ಯಾನರೇ ಬೇಕು, ಬಾಯಿ ತೆರೆದ ಸ್ಪ್ಯಾನರು ಮೂಲೆ ತಿಂದುಬಿಡುತ್ತದೆ. ಡಬ್ಬಿಯ ಹಳೆಯ ಆಯಿಲನ್ನು ಸಿರಿಂಜಿನಿಂದ ತೆಗೆದು ಹೊಸದು ತುಂಬಿ. ಬಲಗಡೆ ಸ್ಟೀರಿಂಗಿನ ಕಾರಿನಲ್ಲಿ ಸಾಮಾನ್ಯ ಕ್ರಮ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕಾರಿನ ಪುಸ್ತಕ ಬೇರೆ ಹೇಳಿದರೆ ಅದರಂತೆ. ನಿಪ್ಪಲಿಗೆ ಪಾರದರ್ಶಕ ಟ್ಯೂಬು, ಅದರ ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಳಗೆ ಕೂತವರು ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಸಡಿಲಿಸಿ, ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಕಂದು ಬಣ್ಣ ಹೋಗಿ ಹೊಸ ಆಯಿಲಿನ ತಿಳಿ ಬಣ್ಣ ಬರುವವರೆಗೂ ಇದೇ. ಡಬ್ಬಿಯಲ್ಲಿ ಮಟ್ಟ ಕೆಳಗಿಳಿದು ಗಾಳಿ ಎಳೆದುಕೊಂಡರೆ ಮೊದಲಿಂದ ಶುರು. ಎಬಿಎಸ್ ಘಟಕಕ್ಕೇ ಗಾಳಿ ಹೋಗಿದ್ದರೆ ಸ್ಕ್ಯಾನರ್ ಹಚ್ಚಿ ಪಂಪ್ ಓಡಿಸಬೇಕಾಗುತ್ತದೆ. ಉಳಿದ ಅರ್ಧ ಬಾಟಲಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ನಮ್ಮ ಹವೆಯಲ್ಲಿ ಪ್ರತಿ ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ಹೊಸ ಆಯಿಲ್. ಎರಡು ವರ್ಷಕ್ಕೊಮ್ಮೆ ಎಂಬ ಲೆಕ್ಕ ಟ್ರ್ಯಾಕಿಗೆ ಹೋಗುವವರಿಗಲ್ಲ.

ಚಕ್ರ ಬಿಚ್ಚಿದಾಗ ಕ್ಯಾಲಿಪರ್ ಜಾರುವ ಪಿನ್ನುಗಳನ್ನೂ ತೆಗೆದು ಸಿಲಿಕಾನ್ ಗ್ರೀಸ್ ಹಚ್ಚಿ. ಪಿನ್ ತುಕ್ಕು ಹಿಡಿದರೆ ಪ್ಯಾಡ್ ಸದಾ ಉಜ್ಜುತ್ತಾ ಆಯಿಲನ್ನು ಬಿಸಿ ಮಾಡುತ್ತದೆ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ತೆಳ್ಳಗಾಗಿದ್ದರೆ ಇದೇ ಕಾರಣ. ಹಿಂದಿನ ಡ್ರಮ್ ಬ್ರೇಕಿನ ಅಡ್ಜಸ್ಟ್‌ಮೆಂಟ್ ಸಡಿಲಾಗಿದ್ದರೆ ಎಲ್ಲ ಕೆಲಸ ಮುಂದಿನದರ ಮೇಲೆ ಬೀಳುತ್ತದೆ, ಅದನ್ನೂ ನೋಡಿ. ಹೊಸ ಪ್ಯಾಡನ್ನು ಹದಕ್ಕೆ ತರದೆ ಟ್ರ್ಯಾಕಿಗೆ ಇಳಿಸಿದ್ದು ನಿಮ್ಮ ಇನ್ನೊಂದು ತಪ್ಪು. ಖಾಲಿ ರಸ್ತೆಯಲ್ಲಿ 80ರಿಂದ 20ಕ್ಕೆ ಎಂಟು ಹತ್ತು ಬಾರಿ ಗಟ್ಟಿಯಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಐದಾರು ಕಿ.ಮೀ. ಬ್ರೇಕ್ ಮುಟ್ಟದೆ ತಣ್ಣಗಾಗಲು ಬಿಡಬೇಕು.

ಪ್ರ: ಆಗುಂಬೆ ಘಾಟಿಯಲ್ಲಿ ಅಭ್ಯಾಸ ಮಾಡಿಕೊಂಡರೆ ಟ್ರ್ಯಾಕಿಗೆ ಅನುಕೂಲ ಅಲ್ಲವೇ? 14 ತಿರುವು ಇವೆ.
— ಶೃಂಗೇರಿ

ಉ: ಅಲ್ಲ. ಅಲ್ಲಿ ಎದುರಿಂದ ಬಸ್ಸು ಬರುತ್ತದೆ, ತಡೆಗೋಡೆ ಮೇಲೆ ಕೋತಿ ಕೂತಿರುತ್ತವೆ, ಪಾಚಿಗಟ್ಟಿದ ರಸ್ತೆ. ಕಲಿಯಲೂ ಏನಿಲ್ಲ: ಹೇರ್‌ಪಿನ್ನಿನಲ್ಲಿ ಒಂದನೇ ಗೇರು, ಎರಡನೇ ಗೇರು, ಟ್ರ್ಯಾಕಿನಲ್ಲಿ ಬೇಕಾದ್ದು 100ರ ಮೇಲಿಂದ ನೇರ ಗೆರೆಯಲ್ಲಿ ಬ್ರೇಕ್ ಒತ್ತುವ ಧೈರ್ಯ.

ಪ್ರ: ಮೀಟರಿನಲ್ಲಿ 41,000 ಇದೆ. ನಂಬುವುದು ಹೇಗೆ? ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುತ್ತದೆಯೇ?
— ಕೊಪ್ಪ

ಉ: ಎಲ್ಲ ಅಲ್ಲ, ಆದರೆ ಸುಳ್ಳು ಹಿಡಿಯಲು ಸಾಕಷ್ಟು. ಮೊದಲು ಕಣ್ಣು: ಸ್ಟೀರಿಂಗಿನ ನುಣುಪು, ಕ್ಲಚ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಬಲ ಅಂಚು 41,000ಕ್ಕೆ ಹರಿದಿರಬಾರದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಕಾರು 2016ರದು, ಟೈರು 2023ರದು, ಓಡಿದ್ದು ಬರೀ 41,000 ಎಂದರೆ ಮೊದಲ ಟೈರು ಯಾಕೆ ಹೋಯಿತು ಎಂದು ಕೇಳಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಓನರ್ ಮೂಲಕವೇ ಹಳೆಯ ಜಾಬ್ ಕಾರ್ಡುಗಳ ಕಿ.ಮೀ. ತೆಗೆಸಿ.

ಸ್ಕ್ಯಾನರ್ ಹಚ್ಚಿದಾಗ 'ದೋಷ ಏನೂ ಇಲ್ಲ' ಎಂದು ಬಂದರೆ ಖುಷಿಪಡುವ ಮೊದಲು ರೆಡಿನೆಸ್ ಮಾನಿಟರ್ ಪುಟ ತೆಗೆಸಿ; ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕ ಅದು. ಅವು ಅಪೂರ್ಣ ಎಂದಿದ್ದರೆ ಇತ್ತೀಚೆಗೆ ಯಾರೋ ದೋಷ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. 50-60 ಕಿ.ಮೀ. ಓಡಿಸಿ ಮತ್ತೆ ನೋಡಬೇಕು. ಎಬಿಎಸ್, ಗೇರ್‌ಬಾಕ್ಸ್ ಘಟಕಗಳಲ್ಲಿ ಹಳೆಯ ದೋಷದ ಜೊತೆ ಆಗಿನ ಕಿ.ಮೀ. ದಾಖಲಾಗಿರುವುದುಂಟು, ಮೀಟರ್ ತಿರುಗಿಸುವವರು ಅದನ್ನು ಮರೆಯುತ್ತಾರೆ.

ಟರ್ಬೊ ಕಾರಾದರೆ ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು) ಆಗಿದೆಯೇ ಎಂದು ನೇರವಾಗಿ ಕೇಳಿ. ರೀಮ್ಯಾಪ್ ಪಾಪವಲ್ಲ, ಮುಚ್ಚಿಡುವುದು ಪಾಪ. ಮೂಲ ಕ್ಲಚ್ಚೇ ಇದ್ದರೆ ನಾಲ್ಕನೇ ಗೇರಿನಲ್ಲಿ 50ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ: ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕೊನೆಗೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರು ಗಾಳಿಯನ್ನು ಎಷ್ಟು ಅದುಮುತ್ತದೆ ಎಂಬ ಪರೀಕ್ಷೆ. ಎಂಜಿನ್ ಬಿಸಿಯಿರುವಾಗ, ಎಲ್ಲ ಪ್ಲಗ್ ಬಿಚ್ಚಿ, ಪೆಟ್ರೋಲ್ ಬರದಂತೆ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಗೇಜಿನ ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ, ಶೇ 10 ಮೀರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಪ್ರ: ಚಿಕ್ಕಮಗಳೂರಿನ ಕಡೆ ರ‍್ಯಾಲಿ ಓಡಿದ, ರೋಲ್ ಕೇಜ್ (ಉರುಳಿದರೆ ಕಾಪಾಡುವ ಉಕ್ಕಿನ ಪೈಪಿನ ಗೂಡು) ಇರುವ ಕಾರು ಅಗ್ಗಕ್ಕೆ ಬಂದಿದೆ. ವಾರದ ದಿನ ಓಡಾಟಕ್ಕೂ, ಟ್ರ್ಯಾಕಿಗೂ ಒಂದೇ ಆದೀತಲ್ಲ?
— ಮೂಡಿಗೆರೆ

ಉ: ಓಡಾಟಕ್ಕೆ ಬೇಡ. ಕಂಪನಿ ಕೊಟ್ಟ ರೂಪ ಬದಲಿಸಿದ ಗಾಡಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಸಿಕ್ಕಿಬೀಳುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ಖಚಿತವಾಗಿ ಹೇಳಿದೆ. ಕಾನೂನು ಹಾಗಿರಲಿ, ಹೆಲ್ಮೆಟ್ ಇಲ್ಲದೆ ಕೇಜಿನೊಳಗೆ ಕೂತರೆ ಸಣ್ಣ ಡಿಕ್ಕಿಗೂ ತಲೆ ಉಕ್ಕಿನ ಪೈಪಿಗೆ ಬಡಿಯುತ್ತದೆ. ಕಾಪಾಡಬೇಕಾದದ್ದೇ ಕೊಲ್ಲುತ್ತದೆ.

ಟ್ರ್ಯಾಕಿಗೆ ಮಾತ್ರವೆಂದರೆ, ಲಾರಿ ಮೇಲೆ ಹೇರಿಕೊಂಡು ಹೋಗುವ ತಯಾರಿ ಇದ್ದರೆ, ನೋಡಬಹುದು. ಕಾಫಿ ತೋಟದ ಕಚ್ಚಾರಸ್ತೆಯಲ್ಲಿ ಹಾರಿ ಬಿದ್ದ ಮೈ ಅದು. ಸ್ಟ್ರಟ್ ಗುಬ್ಬೆಗಳ ಸುತ್ತ, ಕೇಜಿನ ಕಾಲು ನೆಲಕ್ಕೆ ಕೂರುವ ತಟ್ಟೆಯ ವೆಲ್ಡಿನಲ್ಲಿ, ಎಂಜಿನ್ ಮೌಂಟಿನಲ್ಲಿ ಬಿರುಕು ಹುಡುಕಿ. ಸಂಪ್ ಗಾರ್ಡ್ ಬಿಚ್ಚಿಸಿ ಸಂಪಿನ (ಎಂಜಿನ್ ಅಡಿಯ ಆಯಿಲ್ ತಟ್ಟೆ) ತಳ ನೋಡಿ: ಅದು ಒಳಕ್ಕೆ ನುಗ್ಗಿದ್ದರೆ ಆಯಿಲ್ ಹೀರುವ ಪೈಪಿಗೆ ಅಂಟಿ, ಉದ್ದನೆಯ ತಿರುವಿನಲ್ಲಿ ಎಂಜಿನ್ ಒಣಗುತ್ತದೆ. ಹಾರ್ನೆಸ್ ಬೆಲ್ಟಿನ ಮೇಲೆ ಅವಧಿ ಮುಗಿಯುವ ವರ್ಷ ಹೊಲಿದಿರುತ್ತದೆ. ಅದು ಕಳೆದಿದ್ದರೆ ಬೆಲೆಯಿಂದ ಕಳೆಯಿರಿ.

ಪ್ರ: ದೆಹಲಿಯಲ್ಲಿ ಇಂಥ ಕಾರು ಅರ್ಧ ಬೆಲೆಗೆ ಸಿಗುತ್ತವೆ. ತಂದು ಕೆಎ 14 ಮಾಡಿಸಬಹುದೇ? ಟ್ರ್ಯಾಕಿನಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಬರುತ್ತದೆಯೇ?
— ಭದ್ರಾವತಿ

ಉ: ಎರಡನೆಯದಕ್ಕೆ ಮೊದಲು: ಬರುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ರೇಸು, ವೇಗಪರೀಕ್ಷೆ ಇಂಥವು ಹೊರಗೆ. ಟ್ರ್ಯಾಕಿನ ಗೋಡೆಗೆ ಹೋದ ಬಂಪರು ನಿಮ್ಮ ಜೇಬಿನದು. ಕಳೆದುಕೊಂಡರೆ ತಡೆದುಕೊಳ್ಳಲಾಗದಷ್ಟು ದುಡ್ಡಿನ ಕಾರನ್ನು ಅಲ್ಲಿಗೆ ಒಯ್ಯಬೇಡಿ ಎನ್ನುವುದು ಇದಕ್ಕೇ.

ದೆಹಲಿ ಕಾರು ಅಗ್ಗವಾಗುವುದಕ್ಕೆ ಅಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂದು ಕಟ್ಟಿದ್ದ ಮಿತಿಯೂ ಒಂದು ಕಾರಣ. ತರಬಹುದು. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಸಾಲವಿದ್ದರೆ ಬ್ಯಾಂಕಿನ ಪತ್ರದ ಜೊತೆ ಫಾರ್ಮ್ 35, ಹೆಸರು ಬದಲಿಗೆ ಫಾರ್ಮ್ 29 ಮತ್ತು 30. ಇಲ್ಲಿ ಕಾರಿನ ವಯಸ್ಸು, ಬೆಲೆ ನೋಡಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. 'ಅರ್ಧ ಬೆಲೆ' ಎಂಬುದಕ್ಕೆ ಈ ಟ್ಯಾಕ್ಸು, ಸಾಗಣೆ, ಓಡಾಟ ಕೂಡಿಸಿ ನೋಡಿದರೆ ಎಷ್ಟೋ ಬಾರಿ ಬೆಂಗಳೂರಿನ ಕಾರೇ ಅಗ್ಗ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಓನರಿನ ನೋ ಕ್ಲೇಮ್ ಬೋನಸ್ ಅವರ ಜೊತೆಯೇ ಹೋಗುತ್ತದೆ, ಅದರ ಹೆಸರಿನಲ್ಲಿ ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ.

ಪ್ರ: ಅದೇ ಕಾರಿನಲ್ಲಿ ಹೋಗಿ, ಓಡಿಸಿ, ಅದರಲ್ಲೇ ವಾಪಸ್ ಬರಬೇಕು. ಏನೇನು ಒಯ್ಯಬೇಕು, ಟೈರಿಗೆ ಗಾಳಿ ಎಷ್ಟು?
— ಹೊಸನಗರ

ಉ: ಶಿವಮೊಗ್ಗದಿಂದ ಚೆನ್ನೈ ಟ್ರ್ಯಾಕಿಗೆ ಸುಮಾರು 600 ಕಿ.ಮೀ. ಕೊಯಮತ್ತೂರಿಗೆ ಮೈಸೂರು, ಚಾಮರಾಜನಗರ, ದಿಂಬಂ ಘಾಟಿಯ ದಾರಿ ಹತ್ತಿರ, ಆದರೆ ಆ ಕಾಡಿನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಬೆಳಕಿನಲ್ಲೇ ದಾಟುವ ಲೆಕ್ಕ ಹಾಕಿ. ಒಂದು ದಿನ ಮೊದಲೇ ತಲುಪಿ ಮಲಗಿ.

ಡಿಕ್ಕಿಯಲ್ಲಿ ಇರಬೇಕಾದದ್ದು: ಟಾರ್ಕ್ ರೆಂಚ್, ಸರಿಯಾದ ಟೈರ್ ಗೇಜ್, ಕಾಲಲ್ಲಿ ಒತ್ತುವ ಪಂಪು, ಒಂದು ಲೀಟರ್ ಎಂಜಿನ್ ಆಯಿಲ್, ಅರ್ಧ ಲೀಟರ್ ಬ್ರೇಕ್ ಆಯಿಲ್, ಎರಡು ಲೀಟರ್ ಕೂಲೆಂಟ್, ಒಂದು ಜೋಡಿ ಮುಂದಿನ ಪ್ಯಾಡು, ಟೋ ಹುಕ್, ಚಕ್ರಕ್ಕೆ ಕೊಡಲು ಎರಡು ಮರದ ತುಂಡು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ತುಂಬುತೋಳಿನ ಹತ್ತಿ ಬಟ್ಟೆ, ತೆಳು ಅಡಿಯ ಶೂ. ಟ್ರ್ಯಾಕಿಗೆ ಇಳಿಯುವ ಮುನ್ನ ಸ್ಟೆಪ್ನಿ, ಜ್ಯಾಕು, ನೀರಿನ ಬಾಟಲಿ, ಕಾಲಡಿಯ ಮ್ಯಾಟು ಎಲ್ಲ ಹೊರಗೆ. ಮ್ಯಾಟು ಪೆಡಲಿನಡಿ ಸೇರಿಕೊಂಡರೆ ಹೆಲ್ಮೆಟ್ ಕಾಪಾಡುವುದಿಲ್ಲ.

ಗಾಳಿ: ರಸ್ತೆಗೆ 33 ಪಿಎಸ್‌ಐ ಹಾಕುವ ಹಗುರ ಕಾರಿಗೆ ತಣ್ಣಗಿರುವಾಗ 29-30ರಿಂದ ಶುರು ಮಾಡಿ. ನಾಲ್ಕೈದು ಸುತ್ತಿಗೆ ಆರರಿಂದ ಎಂಟು ಏರುತ್ತದೆ. ಪಿಟ್ಟಿಗೆ ಬಂದ ಕೂಡಲೇ ಅಳೆದು, ಬಿಸಿಯಲ್ಲಿ 35-36 ನಿಲ್ಲುವಂತೆ ಇಳಿಸಿ. ಟೈರಿನ ಭುಜದ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದಿಟ್ಟರೆ ಲೆಕ್ಕ ಸುಲಭ: ಗೆರೆ ಪಕ್ಕೆಯವರೆಗೂ ಅಳಿಸಿದ್ದರೆ ಗಾಳಿ ಕಡಿಮೆ, ಮುಟ್ಟದೇ ಉಳಿದಿದ್ದರೆ ಹೆಚ್ಚು. ನಾಲ್ಕು ಟೈರೂ ಒಂದೇ ಮಾದರಿಯವಾಗಿರಲಿ, ಐದು ವರ್ಷ ದಾಟಿರದಿರಲಿ.

ಮೊದಲ ಸರದಿ ನಾಲ್ಕೈದು ಸುತ್ತು ಸಾಕು, ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನಕ್ಕೆ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಬಿಸಿ ಡಿಸ್ಕಿಗೋ ಡ್ರಮ್ಮಿಗೋ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಮರದ ತುಂಡು ಕೊಡಿ. ಟರ್ಬೊ ಇದ್ದರೆ ಗೇರಿಗೆ ಹಾಕಿ ಆರಿಸುವ ಮೊದಲು ಎರಡು ನಿಮಿಷ ಐಡಲ್‌ನಲ್ಲಿ ಓಡಲಿ. ಕಾರು ತಣ್ಣಗಾದ ಮೇಲೆ ವೀಲ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ನೋಡಿ; ಪೋಲೊಗೆ 120 ನ್ಯೂಟನ್ ಮೀಟರ್, ಬೇರೆ ಕಾರಿಗೆ ಅದರ ಪುಸ್ತಕದ ಅಂಕಿ. ಪ್ರತಿ ಸರದಿಗೂ ಆಯಿಲ್ ಮಟ್ಟ ನೋಡಿ, ಮೇಲಿನ ಗುರುತಿನ ಹತ್ತಿರವೇ ಇರಲಿ.

ಮಧ್ಯಾಹ್ನ ಮೂರಕ್ಕೆ ಪ್ಯಾಡಿನ ದಪ್ಪ ನೋಡಿ. 4 ಮಿಲಿಮೀಟರಿಗೆ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಸರದಿಗೆ ಹಣ ಕಟ್ಟಿದ್ದರೂ ಸರಿ. ಘಾಟಿ ಏರಿಳಿದು ಮನೆ ಮುಟ್ಟುವುದು ಅದೇ ಪ್ಯಾಡಿನಲ್ಲಿ. ಹೊರಡುವ ಮುನ್ನ ಗಾಳಿಯನ್ನು 33ಕ್ಕೆ ಏರಿಸಿ, ಸ್ಟೆಪ್ನಿ ಒಳಗಿಡಿ.